ಉಣ್ಣೆಯ ಮನೆ ನಾಯಿಯಲ್ಲ, ನಮ್ಮ ಗೋಡೆ

ಚಿತ್ರದುರ್ಗದ ಹಳೇ ಊರಿನಲ್ಲಿ, ಕೋಟೆ ಕಡೆಗೆ ಹೋಗುವ ಒಂದು ಓಣಿಯಲ್ಲಿ ನಮ್ಮ ಮನೆ. ಕಲ್ಲಿನ ಗೋಡೆ, ತಲೆ ಮೇಲೆ ಕಲ್ಲುಚಪ್ಪಡಿ, ಮುಂದೆ ಕಟ್ಟೆ. ಕಟ್ಟೆ ಪಕ್ಕದ ಸಣ್ಣ ಕೋಣೆಯಲ್ಲಿ 20 ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ಮಿಷನ್ನಿನ ಪೆಡಲ್ ಪಕ್ಕದಲ್ಲೇ ಮಲಗುವವಳು ರಾಗಿ. ಬೀದಿಯಲ್ಲಿ ಸಿಕ್ಕ ನಾಯಿಮರಿ, ಈಗ ನಾಲ್ಕು ವರ್ಷದವಳು. ಮೈಬಣ್ಣ ರಾಗಿ ಕಾಳಿನದ್ದು, ಅದಕ್ಕೇ ಆ ಹೆಸರು. ಕಂದು ಮೈಮೇಲೆ ಕಂದು ಉಣ್ಣೆ, ಅಂದರೆ ರಕ್ತ ಹೀರುವ ಉಣುಗು, ಹುಡುಕುವುದು ಎಷ್ಟು ಕಷ್ಟ ಅಂತ ಹೆಸರಿಡುವಾಗ ಗೊತ್ತಿರಲಿಲ್ಲ.

ರಾಗಿಗೆ ಮುಂಚೆ ಬೆಳ್ಳಿ ಇದ್ದಳು. ಏಪ್ರಿಲ್ ತಿಂಗಳಲ್ಲಿ ಒಂದು ದಿನ ಮುದ್ದೆ ಮುಟ್ಟಲಿಲ್ಲ. ಬಿಸಿಲಿಗೆ ಇರಬೇಕು ಅಂದುಕೊಂಡೆ. ಮಾರನೇ ದಿನವೂ ತಿನ್ನಲಿಲ್ಲ. ಮದುವೆ ಸೀಸನ್ನು, ಬ್ಲೌಸುಗಳ ರಾಶಿ ಮುಂದೆ ಬಿದ್ದಿತ್ತು. ನಾಳೆ ನೋಡೋಣ ಅಂದೆ. ಮೂರನೇ ದಿನ ಬೆಳಿಗ್ಗೆ ಮೂಗಿನಿಂದ ರಕ್ತ ಸೋರುತ್ತಿತ್ತು. ತುಟಿ ಎತ್ತಿ ನೋಡಿದರೆ ವಸಡು ಬಿಳಿ ಕಾಗದದ ಹಾಗೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಉಣ್ಣೆ ಜ್ವರ ಅಂದರು. ಔಷಧ ಶುರುವಾಯಿತು, ಆದರೆ ಅವಳಿಗೆ ಅಷ್ಟು ದಿನ ಉಳಿದಿರಲಿಲ್ಲ. ಆ ಎರಡು ದಿನ ನಾನು ಕಾದದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದಕ್ಕೇ.

ನಾನು ಡಾಕ್ಟರಲ್ಲ. ರಾಗಿ ಬಂದ ಮೇಲೆ ಡಾಕ್ಟರ ಹತ್ತಿರ ಕೇಳಿ, ಅತ್ತೆಯಿಂದ ಕಲಿತು, ಮನೆಯಲ್ಲಿ ಮಾಡಿ ನೋಡಿ, ಯಾವುದು ನಿಂತಿತೋ ಅದನ್ನು ಹೇಳುತ್ತೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆಯಬೇಕು. ನಮ್ಮ ಅತ್ತೆ ಹಳ್ಳಿಯಲ್ಲಿ ದನ ಸಾಕಿದವರು. ಆಕಳ ಕೆಚ್ಚಲಿನಿಂದ, ಕಿವಿ ಸಂದಿಯಿಂದ ಉಣ್ಣೆ ಕಿತ್ತು ಕೆಂಡಕ್ಕೆ ಹಾಕುವುದು ಅವರಿಗೆ ದಿನದ ಕೆಲಸವಾಗಿತ್ತು. ರಾಗಿಗೂ ಹಾಗೇ ಶುರು ಮಾಡಿದರು. ಬೆಳಿಗ್ಗೆ ಹತ್ತು ಕಿತ್ತರೆ ಸಂಜೆ ಹದಿನೈದು. "ಆಕಳಿಗಾದ್ರೆ ಹಿಂಗಾಗ್ತಿರ್ಲಿಲ್ಲ ಕಣವ್ವ" ಅಂತ ಅವರಿಗೇ ಆಶ್ಚರ್ಯ.

ಅವರು ಹೇಳಿದ್ದು ಸರಿಯೇ. ದನಕ್ಕೆ ಸಾಮಾನ್ಯವಾಗಿ ಹತ್ತುವ ಉಣ್ಣೆ ಮರಿಯಾಗಿ ಒಂದು ಸಲ ಹತ್ತಿದರೆ ಅದೇ ಮೈಮೇಲೆ ಪೊರೆ ಬಿಟ್ಟು, ಅಲ್ಲೇ ದೊಡ್ಡದಾಗಿ, ಮೊಟ್ಟೆ ಇಡುವಾಗ ಮಾತ್ರ ಕೆಳಗೆ ಬೀಳುತ್ತದೆ. ಅಂದರೆ ಬದುಕಿನ ಬಹುಪಾಲು ದನದ ಮೈಮೇಲೇ. ಅದರ ಮೈ ಸ್ವಚ್ಛ ಮಾಡಿದರೆ ಅರ್ಧ ಯುದ್ಧ ಗೆದ್ದ ಹಾಗೆ. ನಾಯಿಗೆ ಹತ್ತುವ ಕಂದು ಉಣ್ಣೆ ಬೇರೆ ಜಾತಿ. ಇದು ಮೂರು ಸಲ ನಾಯಿ ಮೇಲೆ ಹತ್ತುತ್ತದೆ, ಮೂರು ಸಲ ಇಳಿಯುತ್ತದೆ. ಮೊಟ್ಟೆಯಿಂದ ಹೊರಟ ಆರು ಕಾಲಿನ ಮರಿ ಕೆಲವು ದಿನ ರಕ್ತ ಕುಡಿದು ಬೀಳುತ್ತದೆ. ಗೋಡೆ ಸಂದಿ ಸೇರಿ ಪೊರೆ ಬಿಟ್ಟು ಎಂಟು ಕಾಲಿನದಾಗಿ ಮತ್ತೆ ಬರುತ್ತದೆ. ಕುಡಿದು ಮತ್ತೆ ಬೀಳುತ್ತದೆ. ಮತ್ತೆ ಸಂದಿ, ಮತ್ತೆ ಪೊರೆ. ದೊಡ್ಡದಾಗಿ ಮೂರನೇ ಸಲ ಹತ್ತುತ್ತದೆ. ಹೆಣ್ಣು ಒಂದೆರಡು ವಾರ ಕುಡಿದು ಹರಳು ಬೀಜದಷ್ಟು ಊದಿ, ಇಳಿದು ಹೋಗಿ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಒಂದೇ ತಾಯಿ 4000 ಮೊಟ್ಟೆಯವರೆಗೂ ಇಡಬಲ್ಲದು.

ಹರಳು ಬೀಜ ಅಂದೆನಲ್ಲ, ಆ ಹೋಲಿಕೆ ನನ್ನದಲ್ಲ. ಹರಳು ಗಿಡದ ಶಾಸ್ತ್ರೀಯ ಹೆಸರು ರಿಸಿನಸ್. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಅರ್ಥವೇ ಉಣ್ಣೆ. ಬೀಜ ಹಾಗೇ ಕಾಣುತ್ತೆ ಅಂತ ಆ ಹೆಸರು ಬಂದಿದೆ. ರಕ್ತ ಕುಡಿದ ಉಣ್ಣೆಯನ್ನೂ ಹರಳು ಬೀಜವನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಹೌದು ಅನ್ನುತ್ತಾರೆ.

ಹಾಗಾಗಿ ನಾಯಿ ಮೈಮೇಲೆ ಕಾಣುವುದು ಊಟಕ್ಕೆ ಬಂದವು ಅಷ್ಟೇ. ಉಳಿದ ಸಂಸಾರ ಪೂರ್ತಿ ಗೋಡೆಯಲ್ಲಿ, ತೊಲೆ ಸಂದಿಯಲ್ಲಿ, ಫೋಟೋ ಹಿಂದೆ ಇದೆ. ಊಟ ಇಲ್ಲದೆ ತಿಂಗಳುಗಟ್ಟಲೆ ಕಾಯುತ್ತವೆ. ದೊಡ್ಡವು ಒಂದು ವರ್ಷಕ್ಕೂ ಮೇಲೆ ಬದುಕಿದ್ದುಂಟು. "ಮನೆ ಆರು ತಿಂಗಳು ಖಾಲಿ ಇತ್ತು, ಆದರೂ ಉಣ್ಣೆ ಎಲ್ಲಿಂದ ಬಂತು" ಅಂತ ಕೇಳುವವರಿಗೆ ಉತ್ತರ ಇದೇ.

ನನಗೆ ಇದು ಕಣ್ಣಿಗೆ ಕಂಡದ್ದು ಒಂದು ಕ್ಯಾಲೆಂಡರಿನ ಹಿಂದೆ. ಹೊಸ ವರ್ಷದ ಕ್ಯಾಲೆಂಡರ್ ಹಾಕಲು ಹಳೆಯದನ್ನು ತೆಗೆದೆ. ಮೊಳೆ ಹೊಡೆದ ಜಾಗದಲ್ಲಿ ಗಾರೆ ಉದುರಿ ಬೆರಳು ಹೋಗುವಷ್ಟು ಸಂದಿಯಾಗಿತ್ತು. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಒಳಗೆ ಒಂದು ದೊಡ್ಡ ಉಣ್ಣೆ, ಮೈಯೆಲ್ಲ ಸುಕ್ಕು, ಬಣ್ಣ ಮಾಸಿತ್ತು. ಅದರ ಮುಂದೆ ಕಂದು ಬಣ್ಣದ ಹೊಳೆಯುವ ರಾಶಿ, ಗಸಗಸೆ ಸುರಿದ ಹಾಗೆ. ಕಾಲು ಇನ್ನೂ ನಿಧಾನ ಆಡುತ್ತಿತ್ತು. ಮೊಟ್ಟೆ ಇಟ್ಟು ಮುಗಿದ ಮೇಲೆ ತಾಯಿ ಸಾಯುತ್ತದೆ. ನೆಲದಿಂದ ಐದಡಿ ಮೇಲೆ, ನನ್ನ ಮುಖದ ಎತ್ತರಕ್ಕೆ! ನಾನು ಅಲ್ಲಿವರೆಗೆ ನೆಲ ಮಾತ್ರ ತೊಳೆಯುತ್ತಿದ್ದೆ. ಈ ಉಣ್ಣೆಗೆ ಮೇಲಕ್ಕೆ ಹತ್ತುವ ಚಾಳಿ. ಅದು ಗೊತ್ತಾದ ದಿನದಿಂದ ನನ್ನ ಕೆಲಸದ ದಿಕ್ಕೇ ಬದಲಾಯಿತು.

ಎಲ್ಲಿವೆ ಅಂತ ಮೊದಲು ಹುಡುಕಿ

ನಾಯಿ ಹಗಲು ಎಲ್ಲಿ ಮಲಗುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಎರಡು ಜಾಗ ಗುರುತು ಮಾಡಿ. ಆ ಜಾಗದ ಸುತ್ತಲಿನ ಗೋಡೆಯೇ ಅವುಗಳ ಮನೆ. ಊದಿದ ಉಣ್ಣೆ ಬಹಳ ದೂರ ನಡೆಯುವುದಿಲ್ಲ. ಹತ್ತಿರ ಸಿಕ್ಕ ಸಂದಿ ಸೇರುತ್ತದೆ.

ರಾಗಿ ಹಾಸಿಗೆ ಮೊದಲು ಗೋಣಿಚೀಲವಾಗಿತ್ತು. ಅದಕ್ಕಿಂತ ಕೆಟ್ಟ ಹಾಸಿಗೆ ಇಲ್ಲ. ನೇಯ್ಗೆಯ ಪ್ರತಿ ಕಣ್ಣೂ ಒಂದು ಅಡಗುತಾಣ, ಬಣ್ಣವೂ ಅದೇ ಕಂದು. ಸುಟ್ಟುಹಾಕಿದೆ. ಅದರ ಬದಲು ಮಾದರಪಾಟ ಬಟ್ಟೆ ಎರಡು ಮಡಿಕೆ ಮಾಡಿ, ಸುತ್ತ ಹೊಲಿಗೆ ಹಾಕಿ, ಮೂರು ಹಾಸಿಗೆ ಮಾಡಿದೆ. ಅಂಚು ಮಡಿಚಿ ದಪ್ಪ ಹೊಲಿಗೆ ಹಾಕಬೇಡಿ, ಆ ಮಡಿಕೆಯೊಳಗೂ ಸೇರುತ್ತವೆ. ಓವರ್‌ಲಾಕ್ ಹೊಡೆದರೆ ಸಾಕು. ಬಿಳಿ ಬಟ್ಟೆ ಮೇಲೆ ಎಳ್ಳುಕಾಳಿಗಿಂತ ಸಣ್ಣ ಮರಿ ಓಡಾಡಿದರೂ ಕಾಣುತ್ತದೆ. ಬೆಳಿಗ್ಗೆ ರಾಗಿ ಎದ್ದ ತಕ್ಷಣ ನಾಲ್ಕು ಮೂಲೆ ಹಿಡಿದು ಎತ್ತಿ, ಹೊರಗೆ ಬಿಸಿಲಲ್ಲಿ ನೋಡುತ್ತೇನೆ. ಮೂರು ದಿನಕ್ಕೊಮ್ಮೆ ಕುದಿಯುವ ನೀರಿಗೆ ಹಾಕುತ್ತೇನೆ. ಸುಮ್ನೆ ಬಿಸಿಲಿಗೆ ಒಣಹಾಕಿದರೆ ಉಣ್ಣೆ ಇಳಿದು ನೆರಳಿಗೆ ಹೋಗುತ್ತದೆ, ಸಾಯುವ ಖಾತ್ರಿ ಇಲ್ಲ. ಕುದಿಯುವ ನೀರಿನಲ್ಲಿ ಆ ಅನುಮಾನವೇ ಇಲ್ಲ.

ಇನ್ನೊಂದು ಉಪಾಯ ಅಗಲದ ಅಂಟು ಟೇಪು. ಹಾಸಿಗೆ ಪಕ್ಕದ ಗೋಡೆಗೆ, ನೆಲದಿಂದ ಒಂದು ಗೇಣು ಮೇಲೆ, ಅಂಟು ಹೊರಗೆ ಬರುವ ಹಾಗೆ ಉದ್ದಕ್ಕೆ ಹಾಕಿ, ಎರಡು ತುದಿಗೆ ಬೇರೆ ಟೇಪು ಒತ್ತಿ. ರಾತ್ರಿ ಹತ್ತುವವು, ಇಳಿಯುವವು ಸಿಕ್ಕಿಬೀಳುತ್ತವೆ. ಇದರಿಂದ ಎಲ್ಲಾ ಹೋಗಲ್ಲ. ಆದರೆ ಯಾವ ಕಡೆ ಓಡಾಟ ಜಾಸ್ತಿ ಅಂತ ಟೇಪು ತೋರಿಸುತ್ತದೆ. ನಮ್ಮ ಮನೆಯಲ್ಲಿ ಬಾಗಿಲ ಎಡಗಡೆ ಟೇಪು ಪೂರ್ತಿ ಚುಕ್ಕೆ ಚುಕ್ಕೆ, ಬಲಗಡೆ ಖಾಲಿ. ಎಡಗಡೆ ಕಲ್ಲು ಸಂದಿಯಲ್ಲಿ ಗಾರೆ ಹೋಗಿತ್ತು. ಮಗ ಅದಕ್ಕೆ ಓಬವ್ವನ ಕಿಂಡಿ ಅಂತ ಹೆಸರಿಟ್ಟ.

ಗೋಡೆ ಕೆಲಸ

ಇದಕ್ಕೆ ಎರಡು ದಿನ ಪೂರ್ತಿ ಬಿಡುವು ಮಾಡಿಕೊಳ್ಳಿ. ನಾಯಿಯನ್ನು, ಮಕ್ಕಳನ್ನು ಬೇರೆ ಕಡೆ ಇರಿಸಿ.

ಮೊದಲು ಗೋಡೆಯಿಂದ ಎಲ್ಲವನ್ನೂ ಇಳಿಸಿ. ಫೋಟೋ, ಕ್ಯಾಲೆಂಡರ್, ಗಡಿಯಾರ, ಬಟ್ಟೆ ಗೂಟ. ಫೋಟೋ ಚೌಕಟ್ಟಿನ ಹಿಂದಿನ ರಟ್ಟು ಬಿಚ್ಚಿ ನೋಡಿ. ಪರದೆಯ ಕೆಳ ಮಡಿಕೆ ನೋಡಿ. ಮಂಚದ ಕಾಲಿನ ಸೇರುವೆ ನೋಡಿ. ಒಂದು ಅಗಲ ತಟ್ಟೆಯಲ್ಲಿ ಸೋಪಿನ ಬಿಸಿ ನೀರು ಇಟ್ಟುಕೊಂಡು, ಬಣ್ಣ ಹೊಡೆಯುವ ಗಟ್ಟಿ ಬ್ರಷ್‌ನಿಂದ ಸಂದಿ ಕೆದಕಿ ತಟ್ಟೆಗೆ ಬೀಳಿಸಿ. ಬರೀ ನೀರಲ್ಲಿ ಉಣ್ಣೆ ಬೇಗ ಸಾಯುವುದಿಲ್ಲ, ಸೋಪು ಇರಲೇಬೇಕು. ಗುಡಿಸಿದ ಕಸ ಬೀದಿಗೆ ಎಸೆಯಬೇಡಿ. ಅದು ಪಕ್ಕದ ಮನೆಗೆ ಬಿತ್ತನೆ ಮಾಡಿದ ಹಾಗೆ. ಸ್ವಿಚ್ ಬೋರ್ಡ್ ಹಿಂದೆಯೂ ಇರುತ್ತವೆ. ಅಲ್ಲಿ ಮೇನ್ ಆಫ್ ಮಾಡಿ ಒಣ ಬ್ರಷ್ ಮಾತ್ರ, ನೀರು ಬೇಡವೇ ಬೇಡ. ಆಮೇಲೆ ಬೋರ್ಡಿನ ಅಂಚಿಗೆ ಟೇಪು ಹಾಕಿ.

ಎರಡನೆಯದು ಕುದಿಯುವ ನೀರು. ಗೋಡೆ ನೆಲ ಸೇರುವ ಸಂದಿಗೆ, ಹೊಸ್ತಿಲ ಕೆಳಗೆ, ಕಟ್ಟೆಯ ಕಲ್ಲು ಸಂದಿಗೆ ಉದ್ದ ಮೂತಿಯ ಕೆಟಲ್‌ನಿಂದ ನಿಧಾನ ಸುರಿಯಿರಿ. ಬಕೆಟ್‌ನಿಂದ ಎರಚಿದರೆ ಮೇಲೆ ಹರಿದು ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಕಾಲಿಗೆ ಚಪ್ಪಲಿ ಇರಲಿ.

ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಸಂದಿ ಮುಚ್ಚುವುದು. ಔಷಧ ಇವತ್ತು ಹೊಡೆದರೆ ಮುಂದಿನ ವಾರ ಮತ್ತೆ ಹೊಡೆಯಬೇಕು. ಮುಚ್ಚಿದ ಸಂದಿ ಮುಚ್ಚಿದ್ದೇ. ನಾವು ಸುಣ್ಣ, ಮರಳು, ಸ್ವಲ್ಪ ಸಿಮೆಂಟು ಕಲಸಿ, ಕಲ್ಲಿನ ಸಂದಿಗೆಲ್ಲ ಕರಣೆಯಿಂದ ಒತ್ತಿ ತುಂಬಿದೆವು. ಚಪ್ಪಡಿ ಗೋಡೆ ಸೇರುವ ಜಾಗಕ್ಕೆ ಏಣಿ ಹಾಕಿ ನಮ್ಮನೆಯವರೇ ಮಾಡಿದರು. ಅದರ ಮೇಲೆ ಎರಡು ಕೋಟು ಗಟ್ಟಿ ಸುಣ್ಣ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿಯುತ್ತದೆ, ಮುಖ ದೂರ ಇಡಿ, ಕೈಗೆ ಗ್ಲೌಸು ಹಾಕಿ. ಪೂರ್ತಿ ಒಣಗುವವರೆಗೆ ನಾಯಿ ಹತ್ತಿರ ಬರಬಾರದು, ನೆಕ್ಕಿದರೆ ಬಾಯಿ ಸುಡುತ್ತದೆ. ಸುಣ್ಣದಿಂದ ಇನ್ನೊಂದು ಲಾಭ ಇದೆ. ಗೋಡೆ ಬೆಳ್ಳಗಾದರೆ ಹತ್ತುವ ಉಣ್ಣೆ ದೂರದಿಂದಲೇ ಕಾಣುತ್ತದೆ. ಮಣ್ಣಿನ ನೆಲ ಇರುವವರು ಸಗಣಿ ಸಾರಿಸುವಾಗ ಬಿರುಕು ತುಂಬುವ ಹಾಗೆ ಗಟ್ಟಿಯಾಗಿ ಸಾರಿಸಿ.

ಅತ್ತೆ ಒಲೆ ಬೂದಿ ಜರಡಿ ಹಿಡಿದು ಗೋಡೆ ಬುಡಕ್ಕೆ ಉದುರಿಸುತ್ತಾರೆ. ನುಣ್ಣನೆ ಒಣ ಪುಡಿ ಉಣ್ಣೆ ಮೈಮೇಲಿನ ಮೇಣದ ಪದರ ಕೆಡಿಸಿ ಒಣಗಿಸುತ್ತದೆ. ಆದರೆ ಬೂದಿ ಒದ್ದೆಯಾದರೆ ಪ್ರಯೋಜನ ಇಲ್ಲ. ಬೇಸಿಗೆಗೆ ಸರಿ, ಮಳೆಗಾಲಕ್ಕೆ ಅಲ್ಲ.

ಬೇವಿನ ಎಣ್ಣೆ ನೀರು ಆಮೇಲಿನ ಮಾತು. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಬೇವಿನ ಎಣ್ಣೆ, ಅದು ನೀರಿಗೆ ಬೆರೆಯಲು ಅರ್ಧ ಚಮಚ ಸೋಪಿನ ದ್ರವ ಅಥವಾ ಎರಡು ಚಮಚ ಅಂಟುವಾಳದ ನೊರೆ. ಚೆನ್ನಾಗಿ ಕುಲುಕಿ ಸಂದಿಗಳಿಗೆ ಸ್ಪ್ರೇ ಮಾಡಿ. ಕಲಸಿದ್ದನ್ನು ಅವತ್ತೇ ಮುಗಿಸಿ, ಇಟ್ಟರೆ ಸತ್ವ ಹೋಗುತ್ತದೆ. ವಾರಕ್ಕೊಮ್ಮೆ ಮಾಡಿ. ಎಣ್ಣೆ ಗಾಣದಲ್ಲಿ ತೆಗೆದದ್ದಾದರೆ ಒಳ್ಳೆಯದು. ನಮಗೆ ಚಳ್ಳಕೆರೆ ಹತ್ತಿರ, ಎಣ್ಣೆ ಮಿಲ್ಲುಗಳ ಊರು, ಹೋಗಿಬರುವವರ ಕೈಲಿ ತರಿಸುತ್ತೇನೆ. ಹೊಂಗೆ ಎಣ್ಣೆಯನ್ನೂ ಹೀಗೇ ಬಳಸಬಹುದು, ಗೋಡೆಗೆ ಮಾತ್ರ.

ನಾಯಿ ಮೈ

ದಿನಾ ಸಂಜೆ ಮಿಷನ್ ನಿಲ್ಲಿಸಿದ ಮೇಲೆ ಹದಿನೈದು ನಿಮಿಷ ರಾಗಿಗೆ. ಕಿವಿಯ ಒಳಗೆ, ಕಿವಿ ಅಂಚಿನ ಸಣ್ಣ ಮಡಿಕೆ, ಕಣ್ಣುರೆಪ್ಪೆ, ಕೊರಳಪಟ್ಟಿ ಕೆಳಗೆ, ಕಂಕುಳು, ತೊಡೆ ಸಂದಿ, ಬಾಲದ ಬುಡ, ಕೊನೆಗೆ ಕಾಲ್ಬೆರಳ ಸಂದಿ ಒಂದೊಂದಾಗಿ. ಬೆರಳ ಸಂದಿ ಬಿಟ್ಟವರು ಅರ್ಧ ಬಿಟ್ಟ ಹಾಗೆ. ಕಣ್ಣಿಗಿಂತ ಬೆರಳ ತುದಿಯನ್ನು ನಂಬಿ. ಕೂದಲ ವಿರುದ್ಧ ದಿಕ್ಕಿಗೆ ಸವರಿದರೆ ಮೆಂತ್ಯ ಕಾಳಿನ ಹಾಗೆ ತಾಗುತ್ತದೆ. ಊದಿದ ದೊಡ್ಡದರ ಪಕ್ಕ ಚಪ್ಪಟೆಯಾದ ಸಣ್ಣದೊಂದು ಇದ್ದರೆ ಅದು ಗಂಡು, ಅದನ್ನೂ ತೆಗೆಯಿರಿ.

ಕೀಳಲು ನಾನು ಬಳಸುವುದು ಓವರ್‌ಲಾಕ್ ಮಿಷನ್ನಿಗೆ ದಾರ ಪೋಣಿಸುವ ಚಿಮ್ಮಟ. ತುದಿ ಸಣ್ಣಗೆ ಬಾಗಿರುತ್ತದೆ, ಇದಕ್ಕೆಂದೇ ಮಾಡಿದ ಹಾಗಿದೆ. ಉಣ್ಣೆಯ ಹೊಟ್ಟೆ ಹಿಡಿಯಬಾರದು. ಚರ್ಮಕ್ಕೆ ತಾಗಿದ ಜಾಗದಲ್ಲಿ, ಬಾಯಿಯ ಹತ್ತಿರ ಹಿಡಿಯಿರಿ. ತಿರುಚಬೇಡಿ. ಒಂದೇ ಸಮನೆ ನೇರ ಎಳೆಯಿರಿ, ಚರ್ಮ ಸ್ವಲ್ಪ ಮೇಲೆದ್ದು ಆಮೇಲೆ ಬಿಡುತ್ತದೆ. ಗಡಿಬಿಡಿ ಮಾಡಿದರೆ ಬಾಯಿ ಒಳಗೇ ಮುರಿದು ಉಳಿದು ಗಂಟಾಗುತ್ತದೆ. ಕಿತ್ತದ್ದು ನೇರ ಸೋಪಿನ ನೀರಿಗೆ ಅಥವಾ ಸ್ಪಿರಿಟ್ ಇರುವ ಡಬ್ಬಿಗೆ. ಉಗುರಲ್ಲಿ ಕುಕ್ಕಬೇಡಿ, ಆ ರಕ್ತದಲ್ಲಿ ರೋಗ ಇರಬಹುದು. ಕಿತ್ತ ಜಾಗ ಸೋಪು ನೀರಲ್ಲಿ ತೊಳೆಯಿರಿ, ಕೈಯನ್ನೂ ತೊಳೆಯಿರಿ. ಕಚ್ಚಿಕೊಂಡ ಉಣ್ಣೆ ಮೇಲೆ ಊದುಬತ್ತಿ ಇಡುವುದು, ಎಣ್ಣೆ ಸುರಿಯುವುದು ಬೇಡ. ತ್ರಾಸವಾದರೆ ಅದು ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೇ ಕಕ್ಕುವ ಅಪಾಯ ಇದೆ.

ಚಿಮ್ಮಟಕ್ಕೂ ಸಿಗದ ಸಣ್ಣ ಮರಿಗಳ ಹಿಂಡು ಒಮ್ಮೊಮ್ಮೆ ಕಾಲಿಗೆ, ಕಿವಿಗೆ ಹತ್ತುತ್ತದೆ. ಓಡಾಡುತ್ತಿರುವವನ್ನು ಅಂಟು ಟೇಪು ಒತ್ತಿ ಎತ್ತಿ. ಉಳಿದವನ್ನು ಹೇನಿನ ಬಾಚಣಿಗೆಯಲ್ಲಿ ಬಾಚಿ, ಬಾಚಣಿಗೆಯನ್ನು ಪ್ರತಿ ಸಲ ಸೋಪು ನೀರಿಗೆ ಅದ್ದಿ.

ಬೇವಿನ ಸೊಪ್ಪಿನ ನೀರು ವಾರಕ್ಕೊಮ್ಮೆ ಸ್ನಾನದ ಕೊನೆಗೆ. ಎರಡು ದೊಡ್ಡ ಹಿಡಿ ಸೊಪ್ಪು, ಐದು ಲೀಟರ್ ನೀರು, ಅರ್ಧ ಗಂಟೆ ಕುದಿಸಿ, ಆರಿಸಿ, ಸೋಸಿ ಮೈಮೇಲೆ ಸುರಿದು ಹಾಗೇ ಒಣಗಲು ಬಿಡಿ. ಎಣ್ಣೆಯಾದರೆ ಹತ್ತು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಬೇವಿನ ಎಣ್ಣೆ, ಅದಕ್ಕಿಂತ ಗಟ್ಟಿ ಬೇಡ. ಮೊದಲ ದಿನ ಒಂದು ರೂಪಾಯಿಯಗಲ ಜಾಗಕ್ಕೆ ಹಚ್ಚಿ ಮಾರನೇ ದಿನ ಕೆಂಪಾಗಿದೆಯಾ ನೋಡಿ. ಆಗಿಲ್ಲದಿದ್ದರೆ ಕತ್ತು, ಕಾಲು, ಬಾಲದ ಬುಡಕ್ಕೆ ತೆಳ್ಳಗೆ, ವಾರಕ್ಕೆ ಎರಡು ಸಲ. ಕಣ್ಣು, ಕಿವಿ ಒಳಗೆ, ಗಾಯದ ಮೇಲೆ ಬೇಡ. ಹಚ್ಚಿದ ತಕ್ಷಣ ವಾಕಿಂಗ್ ಕರೆದುಕೊಂಡು ಹೋದರೆ ನೆಕ್ಕುವುದು ಮರೆಯುತ್ತದೆ. ಸಣ್ಣ ಮರಿಗೆ, ಗಬ್ಬದ ನಾಯಿಗೆ, ಹಾಲೂಡಿಸುವ ತಾಯಿಗೆ, ಬೆಕ್ಕಿಗೆ ಹಚ್ಚಬೇಡಿ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಬೇವು ಕಚ್ಚಿಕೊಂಡ ಉಣ್ಣೆಯನ್ನು ಕೊಲ್ಲುತ್ತದೆ ಅಂತ ನಂಬಿ ಕೂರಬೇಡಿ. ಹೊಸದಾಗಿ ಹತ್ತುವುದಕ್ಕೆ ಸ್ವಲ್ಪ ತಡೆ, ಅದೂ ಎರಡು ಮೂರು ದಿನ. ಕೀಳುವುದನ್ನು ಬೇವು ತಪ್ಪಿಸುವುದಿಲ್ಲ.

ಮಾಡಬಾರದ್ದು

ನೈಸರ್ಗಿಕ ಅಂದ ಮಾತ್ರಕ್ಕೆ ಮೆದು ಅಲ್ಲ. ಇದನ್ನು ಕಲಿಯಲು ನಾನು ರಾಗಿಯನ್ನು ನೋಯಿಸಿದ್ದೇನೆ. ಬಟ್ಟೆ ಕೊಡಲು ಬಂದವರೊಬ್ಬರು ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿದರೆ ಒಂದೇ ದಿನಕ್ಕೆ ಉದುರುತ್ತವೆ ಅಂದರು. ಹಚ್ಚಿದೆ. ಸ್ವಲ್ಪ ಹೊತ್ತಿನಲ್ಲೇ ಬಾಯಲ್ಲಿ ಜೊಲ್ಲು, ಆಮೇಲೆ ವಾಂತಿ, ಹಿಂಗಾಲು ನಡುಗಲು ಶುರು. ಸೋಪು ಹಾಕಿ ಎರಡು ಸಲ ತೊಳೆದು ಆಟೋದಲ್ಲಿ ಡಾಕ್ಟರ ಹತ್ತಿರ ಓಡಿದೆ. ಬದುಕಿದಳು. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ.

ಸೀತಾಫಲದ ಬೀಜ ಅರೆದು ಹಚ್ಚುವುದೂ ಹಾಗೇ. ಹೇನು ಸಾಯುತ್ತದೆ ನಿಜ, ಆದರೆ ಕಣ್ಣಿಗೆ ಹೋದರೆ ಕಣ್ಣೇ ಹಾಳಾಗಬಹುದು. ಸೀಮೆಎಣ್ಣೆ ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶ ಕೆಡುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ರಕ್ತಕಣಗಳೇ ಒಡೆಯುತ್ತವೆ. ಕರ್ಪೂರ, ನುಸಿಗುಳಿಗೆ, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಫಿನಾಯಿಲ್ ನಾಯಿ ಮಲಗುವ ಜಾಗಕ್ಕೆ ಬೇಡ. ದನಕ್ಕೆ ತಂದ ಉಣ್ಣೆ ಔಷಧವನ್ನು ಅಂದಾಜಿಗೆ ನೀರು ಬೆರೆಸಿ ನಾಯಿಗೆ ಹಚ್ಚುವುದಂತೂ ಬೇಡವೇ ಬೇಡ.

ಎಣಿಸಿ ಬರೆಯಿರಿ

ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾ ಕಿತ್ತ ಉಣ್ಣೆ ಲೆಕ್ಕ ಬರೆದೆ. ಗೋಡೆ ಕೆಲಸ ಮುಗಿದ ದಿನ 43. ಒಂದು ವಾರಕ್ಕೆ 20. ಎರಡು ವಾರಕ್ಕೆ 8. ಮನೆಯಲ್ಲೆಲ್ಲ ಸಂತೋಷ. ನಾಲ್ಕನೇ ವಾರ ಒಂದು ದಿನ 51!

ಬಹಳ ಜನ ಇಲ್ಲೇ ಕೈಬಿಡುತ್ತಾರೆ. "ಬೇವೂ ಇಲ್ಲ, ಸುಣ್ಣವೂ ಇಲ್ಲ, ಎಲ್ಲಾ ಸುಳ್ಳು" ಅನ್ನುತ್ತಾರೆ. ನನಗೂ ಅಳು ಬಂತು. ಆದರೆ ಅವನ್ನು ಬಿಳಿ ಬಟ್ಟೆ ಮೇಲೆ ಹಾಕಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಸಣ್ಣವು, ಒಂದೇ ಅಳತೆಯವು. ಮೊದಲೇ ಇಟ್ಟಿದ್ದ ಮೊಟ್ಟೆ ಒಡೆದು ಬಂದವು ಅವು. ಮೊಟ್ಟೆ ಒಡೆಯಲು ಎರಡರಿಂದ ಐದು ವಾರ ಬೇಕು, ಬಿಸಿ ಇದ್ದರೆ ಬೇಗ. ಹಾಗಾಗಿ ಲೆಕ್ಕ ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಏರಿದಾಗ ಒಂದನ್ನೂ ಊದಿ ಕೆಳಗೆ ಬೀಳಲು ಬಿಡದಿದ್ದರೆ ಮುಂದಿನ ಅಲೆ ಸಣ್ಣದಾಗುತ್ತದೆ. ಒಂಬತ್ತನೇ ವಾರ ದಿನಕ್ಕೆ 4. ಹದಿಮೂರನೇ ವಾರ ಮೂರು ದಿನ ಸೊನ್ನೆ. ಮೂರು ತಿಂಗಳು ಬಿಡದೆ ಮಾಡಬೇಕು, ಅದಕ್ಕೆ ಕಡಿಮೆ ಇಲ್ಲ.

ಅಂಗಳದ ವಿಷಯ ಜಾಸ್ತಿ ಹೇಳುವಂಥದ್ದಿಲ್ಲ. ಸೌದೆ ರಾಶಿ, ಒಡೆದ ಇಟ್ಟಿಗೆ, ಹಳೇ ಚಪ್ಪಲಿ ಗೋಡೆಗೆ ಒರಗಿಸಿ ಇಡಬೇಡಿ. ಹುಲ್ಲು, ಪಾರ್ಥೇನಿಯಂ ಕಿತ್ತು ಬಿಸಿಲು ಬೀಳುವ ಹಾಗೆ ಮಾಡಿ. ನಾಟಿ ಕೋಳಿ ಸಾಕುವವರ ಅಂಗಳದಲ್ಲಿ ಅವು ಉಣ್ಣೆ ಹೆಕ್ಕಿ ತಿನ್ನುತ್ತವೆ, ಆದರೆ ಕೋಳಿ ಗೋಡೆ ಹತ್ತಲ್ಲ, ಅಲ್ವಾ?

ಬೀದಿ ಮಾತ್ರ ನಿಜವಾದ ಸಮಸ್ಯೆ. ನಮ್ಮ ಕಟ್ಟೆ ಮೇಲೆ ಮಧ್ಯಾಹ್ನ ಮೂರು ಬೀದಿ ನಾಯಿ ಮಲಗುತ್ತವೆ. ಅವನ್ನು ಓಡಿಸಲು ನನಗೆ ಮನಸ್ಸಿಲ್ಲ, ಬಿಸಿಲಿಗೆ ಎಲ್ಲಿಗೆ ಹೋದಾವು. ಅವಕ್ಕೆ ಬೇವಿನ ಸ್ನಾನ ಮಾಡಿಸಲು ಆಗುವುದಿಲ್ಲ. ಅದಕ್ಕೆ ಓಣಿಯ ನಾಲ್ಕು ಮನೆಯವರು ದುಡ್ಡು ಸೇರಿಸಿ, ಡಾಕ್ಟರನ್ನು ಕೇಳಿ, ಪ್ರತಿ ನಾಯಿಯ ತೂಕಕ್ಕೆ ತಕ್ಕ ಉಣ್ಣೆ ಮಾತ್ರೆ ತಂದು ರೊಟ್ಟಿಯಲ್ಲಿಟ್ಟು ಕೊಡುತ್ತೇವೆ. ಮಾತ್ರೆ ನೈಸರ್ಗಿಕ ಅಲ್ಲ, ಗೊತ್ತು. ಆದರೆ ಆ ಮೂರು ನಾಯಿಗಳಿಗೂ ಕಚ್ಚಿದರೆ ನೋಯುತ್ತೆ, ಅವುಗಳ ಉಣ್ಣೆ ನಮ್ಮ ಗೋಡೆಗೇ ಬರುತ್ತೆ. ರಾಗಿಗೂ ಲೆಕ್ಕ ಮೇಲೆ ಹೋಗಿ ಇಳಿಯದೇ ಇದ್ದರೆ ಇದನ್ನೇ ಕೊಡಿಸುತ್ತೇನೆ. ಹಟಕ್ಕೆ ನಾಯಿಯನ್ನು ಕಳೆದುಕೊಳ್ಳುವಂತಿಲ್ಲ.

ಗಿರಾಕಿಗಳು ಕೇಳುವ ಇನ್ನೊಂದು ಪ್ರಶ್ನೆ, "ಇದರಿಂದ ಮಂಗನ ಕಾಯಿಲೆ ಬರುತ್ತಾ?" 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣುಗು. ನಮ್ಮ ಗೋಡೆಯ ಈ ಕಂದು ಉಣ್ಣೆ ಅದಲ್ಲ. ಇದು ಮನುಷ್ಯರನ್ನು ಕಚ್ಚುವುದು ಅಪರೂಪ. ಆದರೂ ಕಚ್ಚಿ ಕೆಲವು ದಿನಕ್ಕೆ ಜ್ವರ ಬಂದರೆ ಡಾಕ್ಟರಿಗೆ ಉಣ್ಣೆ ಕಚ್ಚಿತ್ತು ಅಂತ ಹೇಳಿ, ಈ ಉಣ್ಣೆಯಿಂದ ಬರುವ ಟೈಫಸ್ ಜ್ವರ ಒಂದಿದೆ. ಮಲೆನಾಡಿನ ಕಾಡಿಗೆ ನಾಯಿ ಕರೆದುಕೊಂಡು ಹೋಗಿದ್ದರೆ ಮನೆಯೊಳಗೆ ಬಿಡುವ ಮುಂಚೆ ಪೂರ್ತಿ ನೋಡಿ.

ಜ್ವರದ ಗುರುತು

ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಒಂದು ಹೊತ್ತು ಊಟ ಬಿಟ್ಟು ಮಂಕಾಗಿ ಮಲಗಿದರೆ ತುಟಿ ಎತ್ತಿ ವಸಡು ನೋಡಿ. ಆರೋಗ್ಯವಾಗಿದ್ದಾಗ ನಿಮ್ಮ ನಾಯಿಯ ವಸಡಿನ ಬಣ್ಣ ಹೇಗಿರುತ್ತೆ ಅಂತ ಇವತ್ತೇ ನೋಡಿಟ್ಟುಕೊಳ್ಳಿ, ಆಗಲೇ ವ್ಯತ್ಯಾಸ ತಿಳಿಯುವುದು. ಬಿಳಿಚಿದ ಅಥವಾ ಹಳದಿ ವಸಡು, ಮೈ ಸುಡುವುದು, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಮೂಗಿನಲ್ಲಿ ರಕ್ತ, ಹೊಟ್ಟೆ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಪಶು ವೈದ್ಯರ ಹತ್ತಿರ ಹೋಗಿ. ಈಗ ಮೈಮೇಲೆ ಒಂದೂ ಉಣ್ಣೆ ಇಲ್ಲದಿದ್ದರೂ ಹೋಗಿ, ಕಚ್ಚಿ ಬಿದ್ದುಹೋಗಿರುತ್ತದೆ. ರಕ್ತ ಪರೀಕ್ಷೆ ಕೇಳಿ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಅನ್ನುವ ಸೋಂಕು ಅಂತ ಗೊತ್ತಾದರೆ ಸಾಮಾನ್ಯವಾಗಿ 28 ದಿನ ಮಾತ್ರೆ ಕೊಡುತ್ತಾರೆ. ನಾಲ್ಕು ದಿನಕ್ಕೇ ನಾಯಿ ಚುರುಕಾಗುತ್ತದೆ, ಆಗ ನಿಲ್ಲಿಸಬೇಡಿ. ಉಣ್ಣೆಯಿಂದಲೇ ಬರುವ ಇನ್ನೊಂದು ಸೋಂಕು ಬೆಬೇಸಿಯಾಗೆ ಔಷಧವೇ ಬೇರೆ, ಹಾಗಾಗಿ ಯಾರೋ ಹೇಳಿದ ಮಾತ್ರೆ ಅಂಗಡಿಯಿಂದ ತಂದು ಹಾಕಬೇಡಿ. ಪಪಾಯ ಎಲೆ ರಸ ಕುಡಿಸುತ್ತಾ ಎರಡು ದಿನ ಕಾಯಬೇಡಿ. ನಾನು ಕಾದವಳು.

ಈಗ ರಾಗಿಯ ಹಾಳೆಯಲ್ಲಿ ಸೊನ್ನೆಗಳೇ ಜಾಸ್ತಿ. ಮೊನ್ನೆ ಮೊದಲ ಮಳೆ ಬಿತ್ತು. ನಿನ್ನೆ ಸಂಜೆ ಎಡಗಾಲಿನ ಎರಡನೇ ಬೆರಳ ಸಂದಿಯಲ್ಲಿ ಒಂದು ಸಿಕ್ಕಿತು, ಚಪ್ಪಟೆ, ಇನ್ನೂ ರಕ್ತ ಕುಡಿದಿರಲಿಲ್ಲ. ಕಿತ್ತು ಡಬ್ಬಿಗೆ ಹಾಕಿ, ಪುಸ್ತಕದಲ್ಲಿ 1 ಅಂತ ಬರೆದೆ. ಬಾಗಿಲ ಎಡಗಡೆ ಗಾರೆ ಮತ್ತೆ ಎಲ್ಲಾದರೂ ಬಿಟ್ಟಿದೆಯಾ ಅಂತ ನಾಳೆ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಬೇಕು.